ಜಂಬೋ ಕಾರ್ಡು ಬಿಲ್ಲಿನಂತೆ ಬಾಗಿದೆ, ಲ್ಯಾಮಿನೇಷನ್ ಮಾಡಿಸಲೇ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಕಾಕಾ, ನಮಸ್ಕಾರ. ನನ್ನ ಮಗ ಏಳನೆಯ ತರಗತಿಯಲ್ಲಿದ್ದಾನೆ. ಪೋಕೆಮಾನ್ ಕಾರ್ಡುಗಳೆಂದರೆ ಅವನಿಗೆ ಪ್ರಾಣ. ಅವನ ಸೋದರಮಾವ ತಂದುಕೊಟ್ಟ ಡಬ್ಬಿಯಲ್ಲಿ ಮಾಮೂಲಿ ಕಾರ್ಡುಗಳ ಜೊತೆ ಎರಡು ಜಂಬೋ ಕಾರ್ಡುಗಳಿದ್ದವು. ಮಾಮೂಲಿ ಕಾರ್ಡು 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ, ಅದಕ್ಕೆ ಪ್ಲಾಸ್ಟಿಕ್ ಚೀಲ, ಆಲ್ಬಮ್ ಎಲ್ಲವೂ ಸಿಗುತ್ತವೆ. ಜಂಬೋ ಕಾರ್ಡನ್ನು ಸ್ಕೇಲಿನಿಂದ ಅಳೆದರೆ ಸುಮಾರು ಹದಿನಾಲ್ಕೂವರೆ ಸೆಂ.ಮೀ. ಅಗಲ, ಇಪ್ಪತ್ತು ಸೆಂ.ಮೀ. ಉದ್ದವಿದೆ. ಇವು ಆಟಕ್ಕೆ ಬರುವುದಿಲ್ಲ, ನೋಡಿ ಖುಷಿಪಡಲು ಮಾತ್ರ ಎನ್ನುತ್ತಾನೆ. ಯಾವುದರಲ್ಲೂ ಹಿಡಿಸದ ಕಾರಣ ಟಿವಿಯ ಪಕ್ಕದಲ್ಲಿ ಗೋಡೆಗೆ ಒರಗಿಸಿದ್ದ. ಜುಲೈ ಮಳೆ ಹಿಡಿದ ಮೇಲೆ ಹೊಳಪಿನ ಕಾರ್ಡು ಬಿಲ್ಲಿನಂತೆ ಬಾಗಿದೆ, ಹೊಳಪಿಲ್ಲದ್ದು ನೆಟ್ಟಗೇ ಇದೆ. ಓಣಿಯ ಝೆರಾಕ್ಸ್ ಅಂಗಡಿಯವರು ಲ್ಯಾಮಿನೇಷನ್ ಮಾಡಿಸಿ ಕಟ್ಟು ಹಾಕಿಸಿ ಎನ್ನುತ್ತಿದ್ದಾರೆ. ಮಾಡಿಸಲೇ?

ಉತ್ತರ (ಬೈಂಡಿಂಗ್ ಮತ್ತು ಫೋಟೋ ಕಟ್ಟಿನ ಕೆಲಸ, ಗದಗ): ಬೇಡ ತಂಗಿ, ದಯವಿಟ್ಟು ಬೇಡ. ಲ್ಯಾಮಿನೇಷನ್ ಯಂತ್ರ ಬಿಸಿ ಅಂಟನ್ನು ಕಾರ್ಡಿನ ಎರಡೂ ಮೈಗೆ ಹತ್ತಿಸಿಬಿಡುತ್ತದೆ. ಆಮೇಲೆ ಅದನ್ನು ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಸಂಗ್ರಹಕಾರರು ಅಂಥ ಕಾರ್ಡನ್ನು ಕೈಯಲ್ಲೂ ಹಿಡಿಯುವುದಿಲ್ಲ. ನನ್ನ ಅಂಗಡಿಯಲ್ಲಿ ನಾನು ಪಾಲಿಸುವ ಕಟ್ಟಳೆ ಒಂದೇ: ಕಾಗದವನ್ನು ಕಟ್ಟಿನೊಳಗೆ ಹೇಗೆ ಇಟ್ಟೆನೋ ಹಾಗೆಯೇ ಹೊರತೆಗೆಯಲು ಬರಬೇಕು. ಕೆಲಸ ಕಲಿಯುವ ದಿನಗಳಲ್ಲಿ ಒಬ್ಬರ ಅಜ್ಜನ ಫೋಟೋವನ್ನು ಹಾರ್ಡ್‌ಬೋರ್ಡಿಗೆ ಗೋಂದು ಹಚ್ಚಿ ಅಂಟಿಸಿದ್ದೆ. ಕೆಲವು ವರ್ಷಗಳ ನಂತರ ಅವರು ಅದನ್ನು ಮರಳಿ ತಂದಾಗ ಮುಖದ ಮೇಲೆಲ್ಲ ಕಂದು ಕಲೆ ಎದ್ದಿತ್ತು, ಬಿಡಿಸಲು ಬರಲಿಲ್ಲ. ಅವರು ಬೈಯಲಿಲ್ಲ, ಸುಮ್ಮನೆ ಎತ್ತಿಕೊಂಡು ಹೋದರು. ಅಂದಿನಿಂದ ಯಾರ ಕಾಗದಕ್ಕೂ ನಾನು ಗೋಂದು ಮುಟ್ಟಿಸಿಲ್ಲ.

ಈಗ ಬಾಗಿದ್ದರ ವಿಷಯ. ಹೊಳಪಿನ ಕಾರ್ಡಿನ ಮುಂದೆ ಲೋಹದ ತೆಳು ಪದರ, ಹಿಂದೆ ಕಾಗದ. ಮಳೆಗಾಲದ ಹಸಿ ಗಾಳಿಯಲ್ಲಿ ಕಾಗದ ತೇವ ಕುಡಿದು ಹಿಗ್ಗುತ್ತದೆ, ಲೋಹದ ಪದರ ಹಿಗ್ಗುವುದಿಲ್ಲ. ಆಗ ಅಂಚುಗಳು ಚಿತ್ರದ ಕಡೆಗೆ ಮಡಚಿಕೊಳ್ಳುತ್ತವೆ. ಏಪ್ರಿಲ್ ಒಣಹವೆಯಲ್ಲಿ ಇದು ತಿರುವುಮುರುವಾಗಿ ಚಿತ್ರದ ಮೈ ಉಬ್ಬುತ್ತದೆ. ನಿಮ್ಮ ಇನ್ನೊಂದು ಕಾರ್ಡಿಗೆ ಆ ಪದರವಿಲ್ಲ, ಎರಡೂ ಮೈ ಸಮನಾಗಿ ಹಿಗ್ಗುವುದರಿಂದ ಅದು ನೆಟ್ಟಗೆ ನಿಂತಿದೆ. ಕಾರ್ಡು ಕೆಟ್ಟಿಲ್ಲ, ಮಗನಿಗೆ ಅಳಬೇಡ ಎನ್ನಿ.

ಅದನ್ನು ಎರಡು ಸ್ವಚ್ಛ ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ಅಗಲವಾದ ದಪ್ಪ ಪುಸ್ತಕವೊಂದನ್ನು ಹೇರಿ. ಇವೆಲ್ಲವನ್ನೂ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು ತೇವ ಹೀರುವ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ದಿನಕ್ಕೊಮ್ಮೆ ತೆಗೆದು ನೋಡಿ. ನೆಟ್ಟಗಾದ ದಿನವೇ ಪೊಟ್ಟಣಗಳನ್ನು ಕಡಿಮೆ ಮಾಡಿ. ಮರೆತರೆ ಅತಿಯಾಗಿ ಒಣಗಿ ಎದುರು ದಿಕ್ಕಿಗೆ ಬಾಗುತ್ತದೆ. ಇಸ್ತ್ರಿ ಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರ, ಬಿಸಿಲು, ಈ ಮೂರೂ ಹತ್ತಿರ ಬರಬಾರದು.

ಪ್ರಶ್ನೆ (ಸಾಧನಕೇರಿ, ಧಾರವಾಡ): ಸರ್, ನಮ್ಮ ಮನೆಯಲ್ಲೂ ಇಂಥವೇ ಮೂರು ಕಾರ್ಡುಗಳಿವೆ. ಎ5 ಅಳತೆಯ ಪಾರದರ್ಶಕ ಹಾಳೆಗಳ ಫೈಲಿನಲ್ಲಿ ಇಟ್ಟಿದ್ದೇನೆ. ಆದರೆ ಹಾಳೆಯಿಂದ ಹೊಸ ರೇನ್‌ಕೋಟಿನ ವಾಸನೆ ಬರುತ್ತದೆ, ಬೆರಳಿಗೆ ಸ್ವಲ್ಪ ಅಂಟಂಟೂ ಆಗುತ್ತದೆ. ಪರವಾಗಿಲ್ಲವೇ?

ಉತ್ತರ: ಇವತ್ತೇ ಹೊರಗೆ ತೆಗೆಯಿರಿ. ಅದು ಪಿವಿಸಿ ಎಂಬ ಮೆದು ಪ್ಲಾಸ್ಟಿಕ್ ಇರಬೇಕು. ಪ್ಲಾಸ್ಟಿಕ್ ಮೆದುವಾಗಲೆಂದು ಬೆರೆಸಿದ ಎಣ್ಣೆಯಂಥ ವಸ್ತು ನಿಧಾನವಾಗಿ ಹೊರಬರುತ್ತದೆ, ವರ್ಷಗಳು ಕಳೆದಂತೆ ಆಮ್ಲವನ್ನೂ ಬಿಡುತ್ತದೆ. ಚಿತ್ರದ ಶಾಯಿ ಹಾಳೆಗೇ ಅಂಟಿಕೊಳ್ಳುತ್ತದೆ. ಹಳೆಯ ಆಲ್ಬಮ್ಮುಗಳಲ್ಲಿ ಮದುವೆ ಫೋಟೋ ಎಳೆದರೆ ಚರ್ರೆಂದು ಹರಿಯುವುದನ್ನು ನೋಡಿರುತ್ತೀರಿ.

ಎ5 ಎಂದರೆ 148 ಮಿ.ಮೀ. ಅಗಲ, 210 ಮಿ.ಮೀ. ಉದ್ದ, ಅಳತೆಯ ಆಯ್ಕೆ ಸರಿಯಾಗಿಯೇ ಇದೆ. ಪಾಲಿಪ್ರೊಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್ಕಿನ ಹಾಳೆ ಕೊಳ್ಳಿ. ಅಂಗಡಿಯವರ ಮಾತನ್ನೇ ನಂಬಬೇಕಿಲ್ಲ, ಮನೆಯಲ್ಲೇ ಪರೀಕ್ಷಿಸಬಹುದು. ಹಾಳೆಯ ಮೂಲೆಯಿಂದ ಉಗುರಿನಷ್ಟು ತುಂಡು ಕತ್ತರಿಸಿ. ಲೋಟದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ತುಂಡನ್ನು ಬೆರಳಿನಿಂದ ತಳದವರೆಗೆ ಒತ್ತಿ ಬಿಡಿ. ಸೋಪಿಲ್ಲದಿದ್ದರೆ ಹಗುರ ತುಂಡು ಯಾವುದಾದರೂ ನೀರಿನ ಮೇಲೆ ನಿಂತು ಮೋಸ ಮಾಡುತ್ತದೆ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ಎರಡೂ ಮೇಲೇಳುತ್ತವೆ. ಪಿವಿಸಿ ತಳದಲ್ಲೇ ಕೂರುತ್ತದೆ. ಒಳ್ಳೆಯ ಪಾಲಿಎಸ್ಟರ್ ಹಾಳೆಯೂ ಮುಳುಗುತ್ತದೆ, ಆದರೆ ಅದು ಗರಿಗರಿಯಾಗಿ ಸದ್ದು ಮಾಡುತ್ತದೆ, ವಾಸನೆ ಇರುವುದಿಲ್ಲ.

ಟಾಪ್‌ಲೋಡರ್ ಎಂಬ ಗಟ್ಟಿ ಹೊದಿಕೆಯೂ ಹೆಚ್ಚಾಗಿ ಪಿವಿಸಿಯದೇ, ಆದರೆ ಅದರಲ್ಲಿ ಆ ಎಣ್ಣೆ ಇರುವುದಿಲ್ಲ. ಕಾರ್ಡಿಗೆ ಮೊದಲು ತೆಳುವಾದ ಪಾಲಿಪ್ರೊಪಿಲೀನ್ ಚೀಲ ಹಾಕಿ ನಂತರ ಅದರೊಳಗೆ ಇಳಿಸಿದರೆ ಅಡ್ಡಿಯಿಲ್ಲ.

ಪ್ರಶ್ನೆ (ಹಾವೇರಿ): ಅಣ್ಣಾ, ನನ್ನ ಬಳಿ ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡಾಟದ ಪ್ಲೇನ್‌ಚೇಸ್ ಎಂಬ ದೊಡ್ಡ ಕಾರ್ಡುಗಳಿವೆ, 2009ರವು. ಒಂದೊಂದೂ 89 ಮಿ.ಮೀ. ಅಗಲ, 127 ಮಿ.ಮೀ. ಉದ್ದ. ಗೆಳೆಯರು ಬಂದಾಗ ಆಡುತ್ತೇವೆ, ಉಳಿದಂತೆ ರಬ್ಬರ್ ಬ್ಯಾಂಡ್ ಹಾಕಿ ಅಟ್ಟದ ಮೇಲೆ ಇಡುತ್ತೇನೆ. ಡಾಂಬರ ಗುಳಿಗೆ ಹಾಕಿದ್ದೇನೆ.

ಉತ್ತರ: ಮೂರನ್ನೂ ಬದಲಿಸಬೇಕು ತಮ್ಮಾ. ರಬ್ಬರ್ ಬ್ಯಾಂಡ್ ಅಂಚನ್ನು ಕಚ್ಚಿ ಗಾಯ ಮಾಡುತ್ತದೆ, ಹಳೆಯದಾದರೆ ಕರಗಿ ಅಂಟುತ್ತದೆ. ಅಟ್ಟ ಬೇಸಿಗೆಯಲ್ಲಿ ಒಲೆ, ಮಳೆಗಾಲದಲ್ಲಿ ತೊಟ್ಟಿ. ಡಾಂಬರ ಗುಳಿಗೆಯ ಆವಿ ಪ್ಲಾಸ್ಟಿಕ್ಕನ್ನು ಕೆಡಿಸಬಲ್ಲದು, ಮನೆಯವರ ಉಸಿರಿಗೂ ಒಳ್ಳೆಯದಲ್ಲ. ಮನೆಯ ನಡುವಿನ ಕೋಣೆಯ ಕಪಾಟಿನಲ್ಲಿ, ನೆಲದಿಂದ ಮೇಲಿನ ಅರೆಯಲ್ಲಿ, ಅಳತೆಗೆ ತಕ್ಕ ಡಬ್ಬಿಯಲ್ಲಿ ಮಲಗಿಸಿ ಇಡಿ. ಬೆಳ್ಳಿಮೀನು ಹುಳು, ಜಿರಲೆ ಬರುವುದು ತೇವ ಮತ್ತು ತಿಂಡಿಯ ಚೂರಿಗೆ. ಆಡುವಾಗ ಚುರುಮುರಿ ತಟ್ಟೆ ದೂರವಿರಲಿ.

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಕಾಕಾ, ನಾಲ್ಕನೆಯ ದಿನಕ್ಕೆ ಕಾರ್ಡು ನೆಟ್ಟಗಾಯಿತು! ಮಗ ಲೋಟದ ಪರೀಕ್ಷೆಯನ್ನು ಮನೆಯ ಎಲ್ಲ ಪ್ಲಾಸ್ಟಿಕ್ಕಿಗೂ ಮಾಡಿ ಮುಗಿಸಿದ್ದಾನೆ. ಆದರೆ ಫೈಲಿನೊಳಗೆ ಇಡಲು ಒಪ್ಪುತ್ತಿಲ್ಲ, ಗೋಡೆಯ ಮೇಲೆ ಕಾಣಬೇಕಂತೆ.

ಉತ್ತರ: ಅವನು ಹೇಳುವುದು ನ್ಯಾಯ. ಇಷ್ಟು ದೊಡ್ಡದಾಗಿ ಅಚ್ಚು ಹಾಕಿದ್ದೇ ಕಾಣಲೆಂದು.

8×10 ಇಂಚಿನ ಸಿದ್ಧ ಕಟ್ಟು ಎಲ್ಲ ಕಡೆ ಸಿಗುತ್ತದೆ. ನೀವು ಹೇಳಿದ ಅಳತೆಗೆ ಪಕ್ಕದಲ್ಲಿ 2.9 ಸೆಂ.ಮೀ., ಮೇಲೆ ಕೆಳಗೆ 2.7 ಸೆಂ.ಮೀ. ಜಾಗ ಉಳಿಯುತ್ತದೆ; ಅಂಚು ಹೆಚ್ಚುಕಡಿಮೆ ಸಮನಾಗಿ ಚಂದ ಕಾಣುತ್ತದೆ. ಹಿಂದೆ ಆಮ್ಲರಹಿತ ಬೋರ್ಡು ಕೇಳಿ ಹಾಕಿಸಿ, ಕಂದು ಹಾರ್ಡ್‌ಬೋರ್ಡು ಕಾರ್ಡಿಗೆ ತಾಗಕೂಡದು. ಕಾರ್ಡನ್ನು ಅದರ ಮೇಲೆ ಫೋಟೋ ಮೂಲೆಗಳಿಂದ ನಿಲ್ಲಿಸಿ: ಪಾರದರ್ಶಕ ತ್ರಿಕೋನ ಜೇಬುಗಳು, ಅಂಟು ಬೋರ್ಡಿಗೆ ಮಾತ್ರ ಹತ್ತಬೇಕು. ಸೆಲೋಟೇಪ್, ಎರಡು ಬದಿಯ ಟೇಪ್ ಬೇಡವೇ ಬೇಡ. ಗಾಜಿಗೂ ಕಾರ್ಡಿಗೂ ನಡುವೆ ದಪ್ಪ ಮೌಂಟ್ ಬೋರ್ಡಿನ (ಚಿತ್ರ ಕಾಣುವಂತೆ ನಡುವೆ ಕಿಂಡಿ ಕತ್ತರಿಸಿದ ರಟ್ಟು) ಅಂತರ ಬೇಕು. ತಂಪಿಗೆ ಗಾಜಿನ ಒಳಗೆ ಬೆವರಿದರೆ ಚಿತ್ರ ಗಾಜಿಗೇ ಅಂಟಿಬಿಡುತ್ತದೆ.

ಜಾಗ ಆರಿಸುವಾಗ ಮಳೆ ಬಡಿಯುವ ಹೊರಗೋಡೆ ಬಿಡಿ, ಒಳಗೋಡೆ ಹಿಡಿಯಿರಿ. ಕಟ್ಟಿನ ಹಿಂದಿನ ಕೆಳಮೂಲೆಗಳಿಗೆ ಬಿರಡೆಯ ಎರಡು ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಬಿಸಿಲು ಬೀಳುವ ಕಡೆ ಖಂಡಿತ ಬೇಡ. ನಮ್ಮ ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರಿದೆ, ಅಚ್ಚಿನ ಬಣ್ಣ ನೋಡಿಯೇ ಬೆಳೆದವರು ನಾವು. ಅಂಗಡಿ ಬಾಗಿಲಿನ ಪೋಸ್ಟರ್ ಕೆಲವು ತಿಂಗಳಲ್ಲಿ ನೀಲಿಯಾಗಿ ಕಾಣುವುದೇಕೆ? ಕೆಂಪು, ಹಳದಿ ಶಾಯಿ ಮೊದಲು ಹಾರುತ್ತದೆ, ನೀಲಿ, ಕಪ್ಪು ಉಳಿಯುತ್ತವೆ. ಸಾದಾ ಗಾಜು ನೇರಳಾತೀತ ಕಿರಣವನ್ನು ಪೂರ್ತಿ ತಡೆಯುವುದಿಲ್ಲ. ಅದನ್ನು ತಡೆಯುವ ಅಕ್ರಿಲಿಕ್ ಸಿಕ್ಕರೆ ಹಾಕಿಸಿ, ಆದರೂ ಬೆಳಕಿನ ಪೆಟ್ಟು ಸ್ವಲ್ಪ ಸ್ವಲ್ಪವೇ ಕೂಡುತ್ತಲೇ ಇರುತ್ತದೆ. ಎರಡು ಕಾರ್ಡುಗಳಿವೆಯಲ್ಲ, ಮೂರು ತಿಂಗಳು ಒಂದು ಗೋಡೆಯ ಮೇಲಿರಲಿ, ಮತ್ತೊಂದು ಫೈಲಿನಲ್ಲಿ. ಬದಲಿಸುವ ಕೆಲಸ ಮಗನದೇ ಆಗಲಿ. ಕೈ ತೊಳೆದು ಒರೆಸಿಕೊಂಡು, ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಕಟ್ಟಿನ ಹಿಂದೆ ಪೆನ್ಸಿಲಿನಲ್ಲಿ ಬದಲಿಸಿದ ತಾರೀಖು ಬರೆದಿಡಲು ಹೇಳಿ. ಗದಗದ ಕಡೆ ಬಂದರೆ ಕಾರ್ಡಿನ ಅಳತೆ ತನ್ನಿ, ಮೌಂಟನ್ನು ನಾನೇ ಕತ್ತರಿಸಿ ಕೊಡುತ್ತೇನೆ.