ಅಮರಿಲ್ಲಿಸ್ ಲಿಲ್ಲಿ ಚಿಗುರಿದೆ, ಒಂದು ಗಡ್ಡೆ ಕೊಳೀತಿದೆ

ಪ್ರಶ್ನೆ (ದಾವಣಗೆರೆ): ಫೆಬ್ರವರಿ ಕೊನೆ, 10 ಇಂಚಿನ ಕುಂಡಗಳಲ್ಲಿ ಗಡ್ಡೆ ಚಿಗುರಿವೆ. ಒಂದರಲ್ಲಿ ಬರೀ ಎಲೆ, ಮೊಗ್ಗಿಲ್ಲ. ಇನ್ನೊಂದು ಮೆತ್ತಗಾಗಿ ನಾರ್ತಿದೆ. ಹೊಲದ ಎರೆಮಣ್ಣು, ದಿನಾ ನೀರು. ಏನು ಮಾಡಬೇಕು?

ಉತ್ತರ 1: ಎರೆಮಣ್ಣು ನೀರು ಬಿಡಲ್ಲ, ಕೊಳೆಗೆ ಅದೇ ಕಾರಣ. ಗಡ್ಡೆ ಕಿತ್ತು, ಬಿಳಿ ಗಟ್ಟಿ ಪದರ ಸಿಗೋವರೆಗೆ ಮೆತ್ತಗಿನದನ್ನ ಸುಲಿಯಿರಿ. ಬೇರು ಹೊರಡೋ ಬುಡವೇ ಕೊಳೆತಿದ್ರೆ ಎಸೆದುಬಿಡಿ, ಉಳಿಯಲ್ಲ. ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಜಿಮ್ (ಶಿಲೀಂಧ್ರನಾಶಕ ಪುಡಿ) ಬೆರೆಸಿ 20 ನಿಮಿಷ ಅದ್ದಿ, ಎರಡು ದಿನ ನೆರಳಲ್ಲಿ ಆರಿಸಿ. ಕೈಗವಸು ಮರೀಬೇಡಿ. ಆಮೇಲೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಗಡ್ಡೆಯ ಕತ್ತು ಮಣ್ಣಿನ ಮೇಲಿರಲಿ. ಹೂತರೆ ಮತ್ತೆ ಅದೇ ಕಥೆ.

ಉತ್ತರ 2 (ಚಿತ್ರದುರ್ಗ): ಬರೀ ಎಲೆ ಅಂದ್ರೆ ಸಾಮಾನ್ಯವಾಗಿ ಗಡ್ಡೆ ಇನ್ನೂ ಸಣ್ಣದು. ಎಲೆ ಕತ್ತರಿಸಲೇಬೇಡಿ, ಮುಂದಿನ ವರ್ಷದ ಹೂವಿಗೆ ಆಹಾರ ಕೂಡಿಡೋದು ಅದೇ. ಹೂದಂಟು ಎಲೆಗಳ ಪಕ್ಕದಿಂದ, ಗಿಣಿಯ ಕೊಕ್ಕಿನ ಥರ ಚೂಪಾಗಿ ಬರುತ್ತೆ, ನೋಡ್ತಿರಿ. ಮೇಲಿನ ಒಂದು ಇಂಚು ಮಣ್ಣು ಒಣಗಿದ ಮೇಲಷ್ಟೇ ನೀರು, ಕತ್ತಿನ ಮೇಲೆ ಬೀಳದ ಹಾಗೆ. ಮಾರ್ಚ್ ಬಿಸಿಲಿಗೆ ನಮ್ಮ ಕಡೆ ಎಲೆ ಸುಡುತ್ತೆ: ಬೆಳಗಿನ ಬಿಸಿಲು ಸಾಕು, 11 ಗಂಟೆ ಮೇಲೆ ನೆರಳು. 15 ದಿನಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರೋ, ನೀರಲ್ಲಿ ಕರಗೋ ಗೊಬ್ಬರ), ಲೀಟರಿಗೆ 2 ಗ್ರಾಂ.

ಉತ್ತರ 3: ಹೂ ಬಾಡಿದ ಮೇಲೆ ದಂಟು ಮಾತ್ರ ಕತ್ತರಿಸಿ. ಎಲೆ ಮೇಲೆ ಕೆಂಪು ಗೀರು ಕಂಡ್ರೆ ಸಾಮಾನ್ಯವಾಗಿ ಶಿಲೀಂಧ್ರ. ಎಲೆ ನೆನೆಸೋದು ನಿಲ್ಲಿಸಿ. ಮಳೆಗಾಲಕ್ಕೆ ಕಪ್ಪು ಮೈಯ, ಬಿಳಿ-ಕೆಂಪು ಚುಕ್ಕೆಯ ಹುಳು ಗುಂಪಾಗಿ ಬರುತ್ತೆ. ಸಣ್ಣದಿರುವಾಗಲೇ ಕೈಯಿಂದ ಆರಿಸಿ, ಬೇವಿನೆಣ್ಣೆ ಲೀಟರಿಗೆ 5 ಮಿಲಿ ಸ್ವಲ್ಪ ಸೋಪಿನ ಜೊತೆ ಸಂಜೆ ಹೊಡೀರಿ. ಬಿಟ್ರೆ ಗಡ್ಡೆಯೊಳಗೂ ಕೊರೀತವೆ.