ಸಹಾಯ ಬೇಕು: ಮಾ ರೈನಿ ಹಾಡುಗಳ ಒಳ್ಳೆಯ ಪ್ರತಿ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ 1920ರ ದಶಕದ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಒಂದು ಬಗೆ) ಗಾಯಕಿಯರ ಹುಚ್ಚು ಹಿಡಿದಿದೆ. ಶುರುವಾಗಿದ್ದು ಬೆಸ್ಸಿ ಸ್ಮಿತ್ 1925ರಲ್ಲಿ ಹಾಡಿದ 'ಸೇಂಟ್ ಲೂಯಿಸ್ ಬ್ಲೂಸ್'ನಿಂದ. ಲೂಯಿ ಆರ್ಮ್‌ಸ್ಟ್ರಾಂಗ್ ಕಾರ್ನೆಟ್ಟು (ತುತ್ತೂರಿಯಂಥ ವಾದ್ಯ), ಜೊತೆಗೆ ಹಾರ್ಮೋನಿಯಂ! ನಮ್ಮ ಭಜನೆಯ ಪೆಟ್ಟಿಗೆ ಅಲ್ಲಿಗೆ ಹೇಗೆ ಹೋಯಿತು ಅಂದುಕೊಂಡೆ. ಅದು ನಮ್ಮಲ್ಲಿಗೆ ಬಂದಿದ್ದೇ ಯುರೋಪಿನಿಂದ ಅಲ್ವಾ, ಆಮೇಲೆ ನೆನಪಾಯಿತು.

ಈಗ ತೊಂದರೆ ಮಾ ರೈನಿಯದು. 1923ರಿಂದ 1928ರವರೆಗೆ ಅವರು ಪ್ಯಾರಾಮೌಂಟ್ ಅನ್ನೋ ರೆಕಾರ್ಡ್ ಕಂಪನಿಗೆ ಹಾಡಿದರು. ಮೊದಲ ಹಾಡುಗಳಿಗೆ ಮೈಕೇ ಇಲ್ಲ, ಕಹಳೆಯಂಥ ಕೊಳವೆಯ ಮುಂದೆ ನಿಂತು ಹಾಡಿದ್ದು. ಆ ಗ್ರಾಮಫೋನ್ ತಟ್ಟೆಗಳೂ ಅಗ್ಗದ ಮಾಲು, ಕರಕರ ಜಾಸ್ತಿ. ಅದು ಇದ್ದರೆ ಇರಲಿ, ಕಿವಿಗೆ ಒಗ್ಗುತ್ತೆ. ಆದರೆ ಕೆಲವರು ಕರಕರ ತೆಗೆಯಲು ಹೋಗಿ ದನಿಯನ್ನೂ ತೆಗೆದಿದ್ದಾರೆ. ಬಾವಿಯೊಳಗಿಂದ ಹಾಡಿದ ಹಾಗೆ ಕೇಳುತ್ತೆ.

ದನಿ ಕೆಡಿಸದ ಸಿಡಿ ಯಾವುದು? ಇನ್ನೊಂದು, ಒಂದೇ ಹಾಡು ಎರಡು ಪ್ರತಿಗಳಲ್ಲಿ ಅರ್ಧ ಸ್ವರ ಹೆಚ್ಚುಕಡಿಮೆ ಬರುತ್ತಿದೆ. ಆಗ ಎಲ್ಲ ತಟ್ಟೆಗಳೂ ಸರಿಯಾಗಿ ನಿಮಿಷಕ್ಕೆ 78 ಸುತ್ತಿನ ವೇಗದಲ್ಲಿ ಇರಲಿಲ್ಲವಂತೆ. ಹಾಗಾದರೆ ಸರಿಯಾದ ಶ್ರುತಿ ಕಂಡುಹಿಡಿಯೋದು ಹೇಗೆ? ಹಳೆ ತಟ್ಟೆ ಹಾಕಿ ಅಭ್ಯಾಸ ಇರೋರು ದಯವಿಟ್ಟು ಹೇಳಿ. ಸುಮ್ನೆ ಯೂಟ್ಯೂಬ್ ಲಿಂಕ್ ಬೇಡ, ಅವನ್ನೆಲ್ಲ ಕೇಳಿಯಾಗಿದೆ.