ಅಮೆರಿಕ, ಆಸ್ಟ್ರೇಲಿಯಾಕ್ಕೆ ಪ್ಲಸ್ ಸೈಜ್ ಕುರ್ತಿ: ನಮ್ಮ 3ಎಕ್ಸ್‌ಎಲ್ ಅಲ್ಲಿ ಯಾವ ಸೈಜ್?

ಕಪನೂರ_ಹೊಲಿಗೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಕಪನೂರ ಕೈಗಾರಿಕಾ ಪ್ರದೇಶದಲ್ಲಿ 14 ಮಷೀನಿನ ಘಟಕ ನಮ್ಮದು. ಶಾಲಾ ಯೂನಿಫಾರ್ಮ್, ಕಾಟನ್ ಕುರ್ತಿ, ನೈಟಿ ಮಾಡ್ತೀವಿ. ಯೂನಿಫಾರ್ಮ್ ಆರ್ಡರ್ ಮುಗಿದ ಮೇಲೆ ಅರ್ಧ ಮಷೀನ್ ಖಾಲಿ ಕೂರುತ್ತವೆ. ಆ ತಿಂಗಳುಗಳಲ್ಲಿ ದಪ್ಪ ಮೈಯ ಹೆಂಗಸರಿಗೆ ಕಾಟನ್ ಕುರ್ತಿ, ಫ್ರಾಕ್ ಹೊಲಿದು ಹೊರದೇಶಕ್ಕೆ ಮಾರುವ ಯೋಚನೆ ಇದೆ. ನಮ್ಮ ಪ್ಯಾಟರ್ನ್ ಎಂ ಸೈಜಿನದು. ಅದನ್ನೇ ಗ್ರೇಡ್ ಮಾಡಿ (ಸೈಜಿನಿಂದ ಸೈಜಿಗೆ ಅಳತೆ ಹಿಗ್ಗಿಸಿ) 5ಎಕ್ಸ್‌ಎಲ್ ತನಕ ಒಯ್ಯಬಹುದಾ? ನಮ್ಮ 3ಎಕ್ಸ್‌ಎಲ್ ಅಲ್ಲಿಯವರ ಯಾವ ಸೈಜಿಗೆ ಸಮ? ಮೊದಲು ಯಾವ ದೇಶ, ಯಾವ ಕಾಗದ? ಬಟ್ಟೆ ಸದ್ಯ 44 ಇಂಚು ಪನ್ನದ (ಅಗಲದ) ಕಾಟನ್ ಪ್ರಿಂಟ್.

ಪ್ಯಾಟರ್ನ್_ಮೇಜು

ಮೊದಲು ಸೈಜಿನ ವಿಷಯ ಮುಗಿಸೋಣ, ಮಾಲು ವಾಪಸ್ ಬರುವುದು ಹೆಚ್ಚಾಗಿ ಇಲ್ಲಿಂದಲೇ.

ನಮ್ಮ ಮಾರುಕಟ್ಟೆಯಲ್ಲಿ ಕುರ್ತಿಯ ಎಕ್ಸ್‌ಎಕ್ಸ್‌ಎಲ್ ಅಂದರೆ ಎದೆ 44 ಇಂಚು, 3ಎಕ್ಸ್‌ಎಲ್ ಅಂದರೆ 46. ಈ 44 ಬಹಳ ಸಲ ಉಡುಪಿನ ಅಳತೆ, ಮೈಯ ಅಳತೆ ಅಲ್ಲ. ಎರಡು ಇಂಚು ಸಡಿಲ ಕಳೆದರೆ ಅದು ಹಿಡಿಸುವುದು 42ರ ಎದೆಗೆ. ಅಮೆರಿಕದ ಪ್ಲಸ್‌ನಲ್ಲಿ ಬರೆಯುವುದು ಮೈಯ ಅಳತೆ: 1ಎಕ್ಸ್ ಸುಮಾರು 42–44 ಎದೆ, 2ಎಕ್ಸ್ 46–48, 3ಎಕ್ಸ್ 50–52, 4ಎಕ್ಸ್ 54–56. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಒಂದೆರಡು ಇಂಚು ಆಚೀಚೆ ಆಗುತ್ತದೆ. ಅಂದರೆ ನಿಮ್ಮ 3ಎಕ್ಸ್‌ಎಲ್ ಅಲ್ಲಿ 1ಎಕ್ಸ್ ಅಷ್ಟೇ. ಆಸ್ಟ್ರೇಲಿಯಾ, ಬ್ರಿಟನ್‌ನಲ್ಲಿ ಅಂಕಿ ಬೇರೆ: ಅಮೆರಿಕದ 14ಕ್ಕೆ ಅಲ್ಲಿ 18, ಅಂದರೆ ನಾಲ್ಕು ಕೂಡಿಸಬೇಕು. 14, 14ಡಬ್ಲ್ಯೂ ಕೂಡ ಒಂದೇ ಅಲ್ಲ. ಡಬ್ಲ್ಯೂ ಇದ್ದರೆ ಪ್ಲಸ್ ಮೈಕಟ್ಟಿನ ಕಟಿಂಗ್. 14ಡಬ್ಲ್ಯೂನಿಂದ 40ಡಬ್ಲ್ಯೂ ತನಕದ ಮೈ ಅಳತೆಯ ಪಟ್ಟಿ ಎಎಸ್‌ಟಿಎಂ (ಅಮೆರಿಕದ ಮಾನದಂಡ ಸಂಸ್ಥೆ) ಡಿ6960 ಮಾನದಂಡದಲ್ಲಿ ಸಿಗುತ್ತದೆ. ಅದನ್ನು ಖರೀದಿಸಿ ಗೋಡೆಗೆ ಅಂಟಿಸಿ.

ಎಂ ಪ್ಯಾಟರ್ನ್ ಎಳೆಯುವ ಮಾತು ಬಿಡಿ. ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಎಂನಿಂದ 3ಎಕ್ಸ್‌ಗೆ ಐದು ಹೆಜ್ಜೆ. ಹೆಜ್ಜೆಗೆ ಅರ್ಧ ಇಂಚಿನಂತೆ ಭುಜ ಬೆಳೆಸಿದರೆ 14.5 ಇದ್ದದ್ದು 17 ಆಯಿತು. ಮೈ ತುಂಬಿದಷ್ಟು ಎಲುಬು ಬೆಳೆಯುವುದಿಲ್ಲ, 3ಎಕ್ಸ್‌ಗೂ ಭುಜ 16 ಸಾಕು. ಉಳಿದ ಒಂದು ಇಂಚು ಎರಡೂ ಕಡೆ ಕೆಳಗೆ ಜಾರಿ ಕೂರುತ್ತದೆ. ತೋಳಿನಲ್ಲಿ ಇದರ ಉಲ್ಟಾ. ಮೇಲ್ತೋಳು 14 ಇದ್ದದ್ದು ಅರ್ಧರ್ಧ ಇಂಚು ಏರಿ 16.5 ಆಗುತ್ತದೆ. 3ಎಕ್ಸ್ ತೊಡುವವರ ತೋಳೇ 17–18 ಇರುತ್ತದೆ, ಉಡುಪಿನಲ್ಲಿ 19.5–20 ಬೇಕು. ಎದೆಗೆ ಸರಿಯಾಗಿ ಕೂತ ಕುರ್ತಿ ತೋಳಿನಲ್ಲಿ ಸಿಕ್ಕಿಕೊಂಡರೆ ಅದು ವಾಪಸ್ ಬಂದ ಹಾಗೇ ಲೆಕ್ಕ.

ಆದ್ದರಿಂದ 2ಎಕ್ಸ್ ಅನ್ನು ಮೂಲ ಸೈಜ್ ಮಾಡಿ. ಹೊಸ ಬ್ಲಾಕ್ (ಮೂಲ ಪ್ಯಾಟರ್ನ್) ತೆಗೆದು, ಆ ಅಳತೆಯ ಹೆಂಗಸಿಗೆ ತೊಡಿಸಿ, ಅಲ್ಲಿಂದ ಒಂದು ಹೆಜ್ಜೆ ಕೆಳಗೆ, ಎರಡು ಹೆಜ್ಜೆ ಮೇಲೆ ಗ್ರೇಡ್ ಮಾಡಿ. 1ಎಕ್ಸ್‌ನಿಂದ 4ಎಕ್ಸ್, ನಾಲ್ಕೇ ಸೈಜ್. ಹೆಜ್ಜೆಗೆ ಎದೆ, ಸೊಂಟ, ಹಿಪ್ 4 ಇಂಚು, ಮೇಲ್ತೋಳು ಒಂದೂಕಾಲರಿಂದ ಒಂದೂವರೆ ಇಂಚು, ಭುಜ ಕಾಲು ಇಂಚು. ಕೊರಳು ಬಹುತೇಕ ಇದ್ದಷ್ಟೇ ಇರಲಿ.

ಪುಟ್ಟ ಡಮ್ಮಿಗೆ ಪಿನ್ ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ. ತೊಡಿಸಿದಾಗ ಮೂರು ಕಡೆ ನೋಡಿ. ಒಂದು, ಮುಂದಿನ ಅಂಚು ಮೇಲೇರಿದೆಯಾ? ಎದೆ, ಹೊಟ್ಟೆ ಬಟ್ಟೆಯನ್ನು ಎಳೆದುಕೊಳ್ಳುತ್ತವೆ. ಮುಂಭಾಗದ ನಡುವಿನಲ್ಲಿ ಅರ್ಧದಿಂದ ಒಂದು ಇಂಚು ಉದ್ದ ಕೊಟ್ಟು ಪಕ್ಕದ ಹೊಲಿಗೆಗೆ ಬರುವಷ್ಟರಲ್ಲಿ ಶೂನ್ಯ ಮಾಡಿ. ಎರಡು, ಕೈ ಎತ್ತಿದಾಗ ಇಡೀ ಕುರ್ತಿ ಮೇಲೆ ಬರುತ್ತಾ? ಹಾಗಾದರೆ ಆರ್ಮ್‌ಹೋಲ್ (ತೋಳು ಕೂಡಿಸುವ ಕಂಡಿ) ಆಳವಾಗಿದೆ. ಸಡಿಲ ಕೊಡುವ ಆತುರದಲ್ಲಿ ಕಟಿಂಗ್ ಮಾಸ್ಟರ್‌ಗಳು ಹೆಚ್ಚಾಗಿ ಮಾಡುವ ತಪ್ಪು ಇದೇ. ಮೂರು, ಪಕ್ಕದ ಸ್ಲಿಟ್ ಹಿಪ್‌ನ ಅತಿ ಅಗಲದ ಜಾಗಕ್ಕಿಂತ ಮೇಲೆ ಶುರುವಾದರೆ ಕೂತಾಗ ಬಾಯಿ ಬಿಡುತ್ತದೆ. 3–4 ಇಂಚು ಕೆಳಗಿಂದ ಶುರು ಮಾಡಿ, ಅಲ್ಲೊಂದು ಬಾರ್‌ಟ್ಯಾಕ್ (ಕಿತ್ತು ಬರದಂತೆ ಹಾಕುವ ಗಟ್ಟಿ ಹೊಲಿಗೆ) ಹಾಕಿ. ಪಕ್ಕದ ಹೊಲಿಗೆಗೆ ಮೂರು ದಾರದ ಓವರ್‌ಲಾಕ್ ಒಂದೇ ಸಾಲದು, ಐದು ದಾರದ್ದು ಬೇಕು.

ಎದೆಯ ಡಾರ್ಟ್ (ಮೈಯ ಉಬ್ಬಿಗೆ ಕೂರುವಂತೆ ಬಟ್ಟೆ ಮಡಿಚಿ ಹಾಕುವ ಹೊಲಿಗೆ) ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಡಾರ್ಟ್ ಇಲ್ಲದ ಪ್ಲಸ್ ಕುರ್ತಿ ಚೀಲದ ಹಾಗೆ ಕಾಣುತ್ತದೆ. ದುಡ್ಡು ಕೊಟ್ಟು ತರಿಸಿಕೊಳ್ಳುವ ಹೆಂಗಸು ಚಂದ ಕಾಣಬೇಕು ಅಂತಲೇ ತರಿಸಿಕೊಳ್ಳುವುದು.

ಕಪನೂರ_ಹೊಲಿಗೆ

ಭುಜದ ಲೆಕ್ಕ ನಮ್ಮ ಮಾಸ್ಟರ್‌ಗೆ ಓದಿ ಹೇಳಿದೆ, ಒಪ್ಪಿದರು. 44 ಇಂಚು ಪನ್ನದ ಬಟ್ಟೆಯಲ್ಲಿ 3ಎಕ್ಸ್ ಕೂರುತ್ತಾ? ಎಷ್ಟು ಮೀಟರ್ ಹಿಡಿಯಬೇಕು?

ಯಾದಗಿರಿ_ಮಾರ್ಕರ್

ಕೂಡ್ತದ್ರಿ, ಆದ್ರ ಬಟ್ಟಿ ಭಾಳ ತಿಂತದ. ಲೆಕ್ಕ ಹಿಂಗ ಅದ. 44ರ ಪನ್ನದಾಗ ಅಂಚು ಬಿಟ್ರ 43 ಸಿಗ್ತದ. ಎಲ್ ಸೈಜಿಗಿ ಒಂದು ಪಲ್ಲೆ (ಮುಂದಿನ ಇಲ್ಲಾ ಹಿಂದಿನ ಭಾಗ) 23 ಇಂಚು, ಬಾಜೂಕ 20 ಉಳೀತದ. 16 ಇಂಚಿನ ತೋಳು ಅದರಾಗ ಕೂಡ್ತದ. 3ಎಕ್ಸ್‌ಗಿ ಪಲ್ಲೆನೇ 30. ಉಳಿಯೋದು 13, ತೋಳು 20. ಕೂಡಂಗಿಲ್ಲ. ಎರಡೂ ತೋಳು ತೆಳಗ ಇಡಬೇಕು. 42 ಇಂಚು ಉದ್ದದ ಕುರ್ತಿಗಿ ಮುಂದ ಹಿಂದ ಸೇರಿ 88 ಇಂಚು, ಮ್ಯಾಲ ತೋಳಿಂದು 18. ಅಂದ್ರ 2.24 ಮೀಟರ್ ಇದ್ದದ್ದು 2.7 ಆಯ್ತು. ಅದೇ 58ರ ಪನ್ನದಾಗ 30ರ ಬಾಜೂಕ 27 ಉಳೀತದ, ತೋಳು ಅಲ್ಲೇ ಮುಗೀತದ, 2.24ರಾಗೇ ಕೆಲಸ ಆಗ್ತದ. 58ರದು ಮೀಟರಿಗಿ ರೇಟು ಜಾಸ್ತಿ, ಆದ್ರೂ ಎರಡರದೂ ಪೀಸಿನ ಲೆಕ್ಕ ಹಾಕಿ ನೋಡ್ರಿ, ಬರೇ ಮೀಟರಿನ ರೇಟು ನೋಡಬ್ಯಾಡ್ರಿ.

44ರ ಪ್ರಿಂಟೇ ಬೇಕಂದ್ರ ಕಲಿ (ತೆಳಗ ಅಗಲ ಆಗೋ ಪಟ್ಟಿ) ಇಟ್ಟು ಹೊಲೀರಿ. ನಡುವ ಸಣ್ಣ ಪಲ್ಲೆ, ಎರಡೂ ಕಡೆ ಕಲಿ. ಹಳೇ ಕಾಲದಾಗ ಕೈಮಗ್ಗದ ಸಣ್ಣ ಪನ್ನದ ಬಟ್ಟಿಗಿ ಮಾಡಿದ್ದೇ ಈ ಕಟಿಂಗ್. ಉದ್ದುದ್ದ ಹೊಲಿಗಿ ಬರೋದ್ರಿಂದ ಮೈಗಿ ಚೆಂದ ಕಾಣ್ತದ, ಕಲಿ ಉಲ್ಟಾ ಸುಲ್ಟಾ ಜೋಡಿಸಿದ್ರ ಬಟ್ಟಿ ಉಳೀತದ. ಹೊಲಿಗಿ ಕೂಲಿ ಮಾತ್ರ ಹೆಚ್ಚಾಗ್ತದ.

ಇನ್ನೊಂದು, ಕುಗ್ಗೋ ಬಟ್ಟಿ. ಥಾನು ಬಿಚ್ಚಿದ ಕೂಡಲೇ 50 ಸೆಂಟಿಮೀಟರಿನ ಚೌಕ ಗುರ್ತು ಹಾಕಿ ಮೂರು ಸಲ ಒಗೀರಿ. 48.5 ಆದ್ರ ಶೇ. 3 ಕುಗ್ಗಿತು. 36ರ ಕುರ್ತಿಗಿ ಅದು ಒಂದು ಇಂಚಿನ ಮಾತು. 60 ಇಂಚಿನ ಹಿಪ್‌ಗಿ 1.8 ಇಂಚು, ಹತ್ರ ಹತ್ರ ಅರ್ಧ ಸೈಜೇ ಹೋಯ್ತು. ದೊಡ್ಡ ಸೈಜಿನಾಗ ಒಗದು ಒಣಗಿಸದೇ ಕತ್ರಿ ಹಾಕಬ್ಯಾಡ್ರಿ. ರೇಯಾನ್ ಇದ್ರಂತೂ ಮುಟ್ಟಲೇಬ್ಯಾಡ್ರಿ.

ಬೀದರ್_ರಫ್ತು

ದೇಶ, ಕಾಗದ ನಾನು ಹೇಳ್ತೀನಿ. ಈ ಗಾತ್ರದ ಘಟಕ ಆಸ್ಟ್ರೇಲಿಯಾದಿಂದ ಶುರು ಮಾಡುವುದು ಒಳ್ಳೆಯದು. ಭಾರತ–ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಿಂದ ಜಾರಿಯಲ್ಲಿದೆ, ಮಾಲು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರ ಇದ್ದರೆ ಸಿದ್ಧ ಉಡುಪಿಗೆ ಸುಂಕವಿಲ್ಲ. ಅಲ್ಲಿನ ವಹಿವಾಟು ವರ್ಷಕ್ಕೆ 75,000 ಆಸ್ಟ್ರೇಲಿಯನ್ ಡಾಲರ್ ಮುಟ್ಟುವ ತನಕ ಅಲ್ಲಿಯ ಜಿಎಸ್‌ಟಿ ನೋಂದಣಿ ಬೇಡ. ಡಿಸೆಂಬರ್‌ನಿಂದ ಫೆಬ್ರವರಿ ಅವರಿಗೆ ಬೇಸಿಗೆ, ಕಾಟನ್‌ಗೆ ಅದೇ ಸೀಸನ್. ಸೆಪ್ಟೆಂಬರ್‌ನಲ್ಲಿ ಹೊಲಿದರೆ ಸರಿಯಾಗಿ ಮುಟ್ಟುತ್ತದೆ, ನಿಮ್ಮ ಯೂನಿಫಾರ್ಮ್ ಆರ್ಡರ್‌ಗೂ ಅಡ್ಡ ಬರುವುದಿಲ್ಲ. ದುಬೈಗೆ ಹೋಗುವುದಾದರೆ ಯುಎಇ ಒಪ್ಪಂದ 2022ರ ಮೇ 1ರಿಂದ ಇದೆ. ಅಲ್ಲಿ ಉದ್ದ ತೋಳಿನ ಫ್ರಾಕ್, ಕಫ್ತಾನ್.

ಅಮೆರಿಕ ದೊಡ್ಡ ಮಾರುಕಟ್ಟೆ, ಆದರೆ ಎರಡನೇ ಹೆಜ್ಜೆಗೆ ಇಟ್ಟುಕೊಳ್ಳಿ. 800 ಡಾಲರ್ ಒಳಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ಹೋಯಿತು. ಒಂದೇ ಕುರ್ತಿ ಕಳಿಸಿದರೂ ಸುಂಕ. ದರವೂ ಬದಲಾಗುತ್ತಿರುತ್ತದೆ, ಕಳಿಸುವ ವಾರ ನೋಡಿಕೊಳ್ಳಬೇಕು. ಸುಂಕವನ್ನು ನೀವೇ ಮುಂಗಡ ಕಟ್ಟುವ ಸೇವೆ ಹಿಡಿಯಿರಿ. ಬಾಗಿಲಲ್ಲಿ ದುಡ್ಡು ಕೇಳಿದರೆ ಗಿರಾಕಿ ಪಾರ್ಸೆಲ್ ಬಿಡಿಸಿಕೊಳ್ಳುವುದಿಲ್ಲ. ಯುರೋಪ್ ಸದ್ಯ ಬೇಡ. 2024ರ ಡಿಸೆಂಬರ್ 13ರಿಂದ ಅಲ್ಲಿ ಮಾರುವ ಉಡುಪಿಗೆ ಒಕ್ಕೂಟದೊಳಗೇ ಒಬ್ಬ ಹೊಣೆಗಾರರ ಹೆಸರು, ವಿಳಾಸ ತೋರಿಸಬೇಕು.

ಕಾಗದದ ಕ್ರಮ: ಮೊದಲು ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಪೋರ್ಟಲ್‌ನಲ್ಲಿ ಐಇಸಿ (ಆಮದು–ರಫ್ತು ಕೋಡ್), ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್–ಜೂನ್ ಒಳಗೆ ಅದನ್ನು ನವೀಕರಿಸದಿದ್ದರೆ ನಿಷ್ಕ್ರಿಯವಾಗುತ್ತದೆ, ಅದು ಗೊತ್ತಾಗುವುದು ಮಾಲು ಕಸ್ಟಮ್ಸ್‌ನಲ್ಲಿ ನಿಂತಾಗ. ಆಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ. ಇದು ಇದ್ದರೆ ಐಜಿಎಸ್‌ಟಿ ಕಟ್ಟದೇ ಕಳಿಸಬಹುದು, ಪ್ರತಿ ಹಣಕಾಸು ವರ್ಷಕ್ಕೆ ಹೊಸದು ಹಾಕಬೇಕು. ಬ್ಯಾಂಕಿನಿಂದ ಎಡಿ ಕೋಡ್ (ರಫ್ತಿನ ಹಣ ಬರುವ ಬ್ಯಾಂಕ್ ಶಾಖೆಯ ಗುರುತು ಸಂಖ್ಯೆ) ಪತ್ರ ತಂದು ಕಸ್ಟಮ್ಸ್ ಪೋರ್ಟಲ್ ಐಸ್‌ಗೇಟ್‌ನಲ್ಲಿ ನೋಂದಾಯಿಸಿ. ಕೊರಿಯರ್‌ನವರಿಗೆ ಸಿಎಸ್‌ಬಿ-5ರಲ್ಲೇ (ವ್ಯಾಪಾರದ ಮಾಲಿನ ಕೊರಿಯರ್ ಶಿಪ್ಪಿಂಗ್ ಬಿಲ್) ಬುಕ್ ಮಾಡಿ ಅಂತ ಬಾಯಿಬಿಟ್ಟು ಹೇಳಿ. ಸುಮ್ಮನಿದ್ದರೆ ಸ್ಯಾಂಪಲ್, ಗಿಫ್ಟ್ ಅಂತ ಸಿಎಸ್‌ಬಿ-4ರಲ್ಲಿ ಹಾಕಿಬಿಡುತ್ತಾರೆ. ಆಗ ಮಾಲು ತಲುಪುತ್ತದೆ, ದುಡ್ಡೂ ಬರುತ್ತದೆ, ಆದರೆ ಜಿಎಸ್‌ಟಿಗೂ ಬ್ಯಾಂಕಿಗೂ ತೋರಿಸಲು ರಫ್ತಿನ ದಾಖಲೆ ಇರುವುದಿಲ್ಲ. ಅಂಚೆಯಲ್ಲಿ ಕಳಿಸುವುದಾದರೆ ಡಾಕ್ ಘರ್ ನಿರ್ಯಾತ್ ಕೇಂದ್ರದ ಪೋರ್ಟಲ್‌ನಲ್ಲಿ ಬಿಲ್ ತುಂಬಬಹುದು. ಎಚ್‌ಎಸ್ ಕೋಡ್‌ನಲ್ಲಿ (ಕಸ್ಟಮ್ಸ್‌ನ ಸರಕು ಸಂಖ್ಯೆ) ನೇಯ್ದ ಬಟ್ಟೆಯದು 62ನೇ ಅಧ್ಯಾಯ, ಹೊಸಿಯರಿ 61. ನೇಯ್ದ ಫ್ರಾಕ್ 6204, ಬ್ಲೌಸ್ ಥರದ ಟಾಪ್ 6206, ನೈಟಿ 6208. ಸ್ಲಿಟ್ ಇರುವ ಉದ್ದ ಕುರ್ತಿಯ ಕೋಡ್ ಬಗ್ಗೆ ತಕರಾರು ಬರುತ್ತದೆ. ಮೊದಲ ಸಲ ಹೈದರಾಬಾದಿನ ಕಸ್ಟಮ್ಸ್ ಏಜೆಂಟರಿಗೆ ಪೀಸ್ ತೋರಿಸಿ ಬರೆಸಿಕೊಳ್ಳಿ.

ಪ್ಯಾಟರ್ನ್_ಮೇಜು

ಬೀದರ್ ಸರ್ ಹೇಳಿದ್ದಕ್ಕೆ ಲೇಬಲ್ಲಿನ ಮಾತು ಸೇರಿಸುತ್ತೇನೆ. ಅಮೆರಿಕಕ್ಕಾದರೆ ಕೊರಳಿನ ಒಳಗೆ, ಹಿಂಬದಿ ನಡುವಿನಲ್ಲಿ 'ಮೇಡ್ ಇನ್ ಇಂಡಿಯಾ' ಕಾಣಬೇಕು. ನೂಲಿನ ಶೇಕಡಾವಾರು, ಒಗೆಯುವ ಸೂಚನೆ, ತಯಾರಕರ ಇಲ್ಲವೇ ಆಮದುದಾರರ ಗುರುತೂ ಬೇಕು. ತೆಳು ಮಲ್ ಬಟ್ಟೆ ಬಳಸುವವರು ಇದನ್ನು ಗಮನಿಸಿ: ನಯವಾದ ಮೇಲ್ಮೈಯ ಬಟ್ಟೆ ಚದರ ಮೀಟರ್‌ಗೆ 88 ಗ್ರಾಂಗಿಂತ ಹಗುರ ಇದ್ದರೆ ಅಮೆರಿಕದ ಬೆಂಕಿ ಪರೀಕ್ಷೆಯಿಂದ ವಿನಾಯಿತಿ ಸಿಗುವುದಿಲ್ಲ. 10 ಸೆಂಟಿಮೀಟರ್ ಚೌಕ ಕತ್ತರಿಸಿ ಬಂಗಾರದ ಅಂಗಡಿಯ ತಕ್ಕಡಿಗೆ ಹಾಕಿ. 0.88 ಗ್ರಾಂ ದಾಟಿದರೆ ಚಿಂತೆಯಿಲ್ಲ.

ಫೋಟೋವನ್ನು 2ಎಕ್ಸ್ ಮೈಯವರಿಗೇ ತೊಡಿಸಿ ತೆಗೆಯಿರಿ. ಸಾಧ್ಯವಾದರೆ ಅದೇ ಕುರ್ತಿಯನ್ನು 4ಎಕ್ಸ್ ಅವರಿಗೂ ತೊಡಿಸಿ. ತೆಳ್ಳಗಿನ ಹುಡುಗಿಗೆ ಹಿಂದಿನಿಂದ ಪಿನ್ ಹಾಕಿದ ಚಿತ್ರವನ್ನು ಈ ಗಿರಾಕಿಗಳು ನೋಡಿದ ಕೂಡಲೇ ಗುರುತಿಸುತ್ತಾರೆ. ಅವರು ಎಷ್ಟೋ ವರ್ಷ ಅಂಗಡಿಯಿಂದ ಬರಿಗೈಲಿ ಹೊರಬಂದವರು. ಚಿತ್ರದ ಕೆಳಗೆ ಮೈಯ ಅಳತೆ, ಉಡುಪಿನ ಅಳತೆ ಎರಡನ್ನೂ ಇಂಚು ಮತ್ತು ಸೆಂಟಿಮೀಟರಿನಲ್ಲಿ ಕೊಡಿ. ಮೇಲ್ತೋಳಿನ ಅಳತೆ ತಪ್ಪದೇ ಇರಲಿ.

ಕಪನೂರ_ಹೊಲಿಗೆ

ಮೊದಲ ಲಾಟ್ ಎಷ್ಟು ಪೀಸ್ ಮಾಡಲಿ? ಒಂದು ಕುರ್ತಿ ಪ್ಯಾಕಿಂಗ್ ಸೇರಿ 420 ಗ್ರಾಂ ತೂಗುತ್ತಿದೆ. ಕೊರಿಯರ್‌ನವರು ಒಂದು ಕಿಲೋ ದರ ಹೇಳುತ್ತಿದ್ದಾರೆ.

ಬೀದರ್_ರಫ್ತು

ಮೂರು ಡಿಸೈನ್, ಡಿಸೈನ್‌ಗೆ 12 ಪೀಸ್. 1ಎಕ್ಸ್ 3, 2ಎಕ್ಸ್ 4, 3ಎಕ್ಸ್ 3, 4ಎಕ್ಸ್ 2. ಅಲ್ಲಿನ ಬೊಟಿಕ್‌ಗಳಿಗೆ ಸಗಟು ಕೊಡುವುದಾದರೂ ಇದೇ ಪ್ಯಾಕ್ ಇಡಿ, ಅರ್ಧ ಮುಂಗಡ ಬರದೇ ಕತ್ತರಿ ಹಾಕಬೇಡಿ.

ಕಿಲೋ ದರ ಬರುವುದು ಪೊಟ್ಟಣದ ಗಾತ್ರದಿಂದ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 35 × 28 × 3 ಅಂದರೆ 0.59 ಕಿಲೋ, ಅರ್ಧ ಕಿಲೋ ಸ್ಲ್ಯಾಬ್ ದಾಟಿತು. ದಪ್ಪ 2 ಸೆಂಟಿಮೀಟರ್ ಆದರೆ 0.39. ಆಗ ನಿಜವಾದ ತೂಕ 420 ಗ್ರಾಂ ಹಿಡಿಯುತ್ತಾರೆ, ಅರ್ಧ ಕಿಲೋದಲ್ಲೇ ಹೋಗುತ್ತದೆ. ಡಬ್ಬಿ ಬಿಡಿ, ರಟ್ಟು ತೆಗೆಯಿರಿ. ಕುರ್ತಿಯನ್ನು ತೋಳು ಒಳಗೆ ಮಾಡಿ ನಾಲ್ಕು ಮಡಿಕೆ ಹಾಕಿ, ಪಾಲಿಬ್ಯಾಗಿನ ಗಾಳಿ ಒತ್ತಿ ತೆಗೆದು, ಮೇಲೆ ಭಾರ ಇಟ್ಟು ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ದಪ್ಪ ಅಳೆಯಿರಿ.